ನೀಲವ್ವನ ಡಬ್ಬಿಯ ದನಿ

ಶುದ್ಧ ಸ್ವರದ ಬಗ್ಗೆ ನನಗೆ ಗೌರವವಿದೆ, ಪ್ರೀತಿಯಿಲ್ಲ. ಶಿರಸಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಪ್ರತಿವರ್ಷ ಶ್ರುತಿಕವೆಯನ್ನು, ಅಂದರೆ ಟ್ಯೂನಿಂಗ್ ಫೋರ್ಕನ್ನು, ರಬ್ಬರಿಗೆ ಬಡಿದು, "ಇದರಲ್ಲಿರುವುದು ಒಂದೇ ಅಲೆ, ಕಲಬೆರಕೆಯೇ ಇಲ್ಲ" ಎಂದು ಭಾಷಣ ಬಿಗಿಯುತ್ತಿದ್ದೆ. ಮಕ್ಕಳು ಆಕಳಿಸುತ್ತಿದ್ದರು. ತಪ್ಪು ಅವರದಲ್ಲ. ಒಳ್ಳೆಯವನೆಂದು ಹೆಸರಾದ ನೆಂಟನ ಹಾಗೆ, ಆ ದನಿಯ ಪರಿಚಯ ಒಂದು ಗಳಿಗೆಯಲ್ಲಿ ಮುಗಿದುಹೋಗುತ್ತದೆ. ಶಹನಾಯಿಗಾಗಲಿ ಮನುಷ್ಯರ ಗಂಟಲಿಗಾಗಲಿ ರುಚಿ ಬರುವುದು ಹತ್ತಾರು ಅಲೆಗಳು ಬೆರೆತಾಗ.

ಇದನ್ನೆಲ್ಲ ಪುಸ್ತಕದಲ್ಲಿ ಓದಿಕೊಂಡಿದ್ದೆ. ಅರ್ಥವಾದದ್ದು ನೀಲವ್ವನ ಗಂಟಲು ಹೋದ ಮೇಲೆ.

ನೀಲವ್ವ ನಮ್ಮ ಪಕ್ಕದ ಮನೆಯವಳು, ಬನವಾಸಿ ಕಡೆಯ ಹೆಣ್ಣುಮಗಳು. ಗಂಡ ಚನ್ನಬಸಪ್ಪನದು ಪೇಟೆಯಲ್ಲಿ ರೇಡಿಯೋ ರಿಪೇರಿ. ಅವಳು ಹಿತ್ತಿಲಲ್ಲಿ ನಿಂತು ಕೂಗಿದರೆ ಪೇಟೆಯಲ್ಲಿದ್ದ ಗಂಡ ಊಟಕ್ಕೆ ಏಳುತ್ತಾನೆ ಎಂದು ನಾವು ನಗುತ್ತಿದ್ದೆವು. ಆ ದನಿ ಒಮ್ಮೆ ಒಡೆಯಿತು. ಕಷಾಯ, ಜೇನುತುಪ್ಪ, ಹರಕೆ ಎಲ್ಲ ಆಯಿತು. ಕೊನೆಗೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿನ ಕ್ಯಾನ್ಸರ್ ಎಂದು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲಿ ಮಾಡಿದ ತೂತಿನಿಂದ ಉಸಿರಾಡುತ್ತ ಅವಳು ಮನೆಗೆ ಬಂದಳು. ನಾಲಿಗೆ, ತುಟಿ, ಹಲ್ಲು ಎಲ್ಲ ಇದ್ದವು. ಅವಕ್ಕೆ ಒದಗಿಸಲು ನಾದವಿರಲಿಲ್ಲ. ಬರೆದು ತೋರಿಸೋಣವೆಂದರೆ ಅಕ್ಷರ ಬಾರದು.

ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರು ಚನ್ನಬಸಪ್ಪನನ್ನು ಪಕ್ಕಕ್ಕೆ ಕರೆದು, ರೋಗ ಆಗಲೇ ಶ್ವಾಸಕೋಶಕ್ಕೆ ಇಳಿದಿದೆ, ಬಹಳ ಕಾಲವಿಲ್ಲ ಎಂದಿದ್ದರಂತೆ. ಇದನ್ನು ಅವನು ನನಗೆ ಹೇಳಿದ, ಅವಳಿಗೆ ಹೇಳಲಿಲ್ಲ. ಅವಳು ಎದೆ ಮುಟ್ಟಿಕೊಂಡು, ಅಂಗೈ ತಿರುಗಿಸಿ, ಅವನ ಮುಖವನ್ನೇ ನೋಡುತ್ತ ಕೇಳುತ್ತಿದ್ದಳು. ಸನ್ನೆ ಗೊತ್ತಾಗದವನ ಹಾಗೆ ಅವನು, "ಹಾಲು ಬೇಕೇನು?" ಎಂದು ಅಡುಗೆಮನೆಗೆ ಎದ್ದುಹೋಗುತ್ತಿದ್ದ.

ಹೀಗಿದ್ದವನಿಗೇ ಅವಳಿಗೊಂದು ದನಿ ಮಾಡಿಕೊಡುವ ಹುಚ್ಚು ಹಿಡಿಯಿತು. "ಮಾಸ್ತರ, ತಂತಿ ಸುತ್ತಿದ್ರ ರೇಡಿಯೋದಾಗ ದನಿ ಹುಟ್ಟತೈತಿ. ಆಕಿ ಬಾಯಾಗ ಯಾಕ ಹುಟ್ಟಬಾರದು?" ಎಂದು ನನ್ನನ್ನೂ ಎಳೆದುಕೊಂಡ. ಹಳೆಯ ರೇಡಿಯೋಗಳ ವಾಲ್ವುಗಳನ್ನು ಜೋಡಿಸಿ ಒಂದು ಡಬ್ಬಿ ಮಾಡಿದ. ಅದರ ನಾದ ಒಂದು ಸಣ್ಣ ರಬ್ಬರ್ ನಳಿಗೆಯಲ್ಲಿ ಹಾದು ಬಾಯಿಗೆ ಬರಬೇಕು. ಮಾತು ಮಾಡುವುದು ತುಟಿ ನಾಲಿಗೆಗಳ ಪಾಲು.

ಮೊದಲು, ನನ್ನ ಸಲಹೆಯಂತೆ, ನುಣುಪಾಗಿ ಏರಿ ಇಳಿಯುವ ಶುದ್ಧ ಅಲೆ. ನೀಲವ್ವ ನಳಿಗೆ ಕಚ್ಚಿಕೊಂಡು ಆ ಎಂದರೂ ಊಂ, ಈ ಎಂದರೂ ಊಂ. ನನ್ನ ವಿದ್ಯೆ ಅಲ್ಲೇ ಮುಗ್ಗರಿಸಿತು. ಬಾಯಿ ಒಂದು ಜರಡಿ. ಬೆರೆತ ಅಲೆಗಳಲ್ಲಿ ಕೆಲವನ್ನು ತಡೆದು ಕೆಲವನ್ನು ಬಿಟ್ಟರೆ ತಾನೇ ಆ ಬೇರೆ, ಈ ಬೇರೆ ಆಗುವುದು? ಒಂದೇ ಅಲೆಯಿದ್ದರೆ ಅದು ಸೋಸುವುದೇನನ್ನು? ಆಮೇಲೆ ಚೌಕದಲೆ: ತಟ್ಟನೆ ಏರಿ, ನಿಂತು, ತಟ್ಟನೆ ಬೀಳುವಂಥದು. ಬಿದಿರಿನ ಕೊಳವೆ ಊದಿದಂತೆ ಪೊಳ್ಳು ದನಿ. ಕೊನೆಗೆ ಗರಗಸದ ಹಲ್ಲಿನಂತೆ ಓರೆಯಾಗಿ ಏರಿ ನೇರ ಕೆಳಗೆ ಬೀಳುವ ಅಲೆ. ಒಳಗೆ ಸಣ್ಣ ದೊಡ್ಡ ಅಲೆಗಳೆಲ್ಲ ಗಿಜಿಗುಡುತ್ತಿದ್ದುದರಿಂದ ಅದು ತಗಡಿನ ಡಬ್ಬಿಯಲ್ಲಿ ಸಿಕ್ಕ ಜೀರುಂಡೆಯಂತೆ ಕರ್ಕಶ. ಆದರೆ ಅದರಲ್ಲಿ ಆ ಬೇರೆ, ಈ ಬೇರೆ ಕೇಳಿಸಿತು; ಒರಟು ತಗ್ಗಲೆಂದು ಅದಕ್ಕೆ ಚೌಕದಲೆಯನ್ನು ತುಸು ಬೆರೆಸಿದೆವು.

ಒಂದು ಭಾನುವಾರ ಬೆಳಿಗ್ಗೆ ನೀಲವ್ವ ನಳಿಗೆಯನ್ನು ಕೆನ್ನೆಯ ಮೂಲೆಗೆ ಸರಿಸಿಕೊಂಡು ಡಬ್ಬಿಯ ಗುಂಡಿ ಒತ್ತಿದಳು. ಏರಿಳಿತವಿಲ್ಲದ, ಗಂಡೂ ಅಲ್ಲದ ಹೆಣ್ಣೂ ಅಲ್ಲದ ದನಿಯಲ್ಲಿ ಮಾತು ಬಂತು:

"ಡಾಕ್ಟರ್ ಏನಂದ್ರು?"

ಚನ್ನಬಸಪ್ಪ ಗಡಬಡಿಸಿ ಡಬ್ಬಿಗೆ ಕೈಹಾಕಿದ. "ದನಿ ಇನ್ನೂ ಒರಟೈತಿ. ತಡಿ, ನಿನ್ನ ದನಿ ಹಂಗ ಮಾಡತೀನಿ."

ಅವಳು ಅವನ ಕೈ ಸರಿಸಿದಳು. "ಮಾತು ತಿಳೀತಲ್ಲ? ಹೇಳ್ರಿ."

ನಾನು ಎದ್ದೆ. ಕೂತುಕೊಳ್ಳಿ ಎಂದು ಕೈಮಾಡಿದಳು. ಡಾಕ್ಟರು ಹೇಳಿದ್ದೆಲ್ಲವನ್ನೂ ಅವನು ನೆಲ ನೋಡುತ್ತ ಹೇಳಿದ. ಅವಳು ಅಳಲಿಲ್ಲ. ನಳಿಗೆ ಸರಿಮಾಡಿಕೊಂಡು ಮತ್ತೆ ಗುಂಡಿ ಒತ್ತಿದಳು.

"ನನ್ನ ತಂಗೀನ ಕರಸ್ರಿ. ನೀವು ಅಡಿಗಿ ಕಲೀರಿ."

ಮಳೆಗಾಲ ಹಿಡಿಯುವ ಮುಂಚೆ ನೀಲವ್ವ ತೀರಿಕೊಂಡಳು. ಅದಕ್ಕೆ ಮೊದಲು, ಮಾತು ಮುಗಿಯುವವರೆಗೆ ಗುಂಡಿ ಒತ್ತಿ ಹಿಡಿಯುವ ಶಕ್ತಿಯಿದ್ದಷ್ಟು ದಿನ, ಮಂಚದಲ್ಲಿ ಮಲಗಿಕೊಂಡೇ ಗಂಡನಿಗೆ ಅಡುಗೆ ಕಲಿಸಿದಳು. ದನಿ ಸುಧಾರಿಸುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಆ ದಿನಗಳಲ್ಲೊಮ್ಮೆ ನಮ್ಮ ಬಾಗಿಲಿಗೆ ಬಂದು ನಿಂತ. ಅಂಗಿಗೆಲ್ಲ ಜೋಳದ ಹಿಟ್ಟು, ಬೆರಳಿಗೆ ಸುಟ್ಟ ಗಾಯ. ಮುಖ ಮಾತ್ರ ಹಬ್ಬದ ದಿನದಂತಿತ್ತು.

"ರೊಟ್ಟಿ ಸೀದುಹೋತು. ಇವತ್ತ ಬಾಯಿತುಂಬ ಬೈದ್ಳು ನೋಡ್ರಿ, ಮಾಸ್ತರ."