ಸೂಜಿ ಬೀಳದ ದಿನ

ನೂಲಿನ ಗಿರಣಿಯ ಮೂರನೇ ವಿಭಾಗದಲ್ಲಿ ಒಬ್ಬ ಚಕ್ರವರ್ತಿನಿ ಇದ್ದಳು. ಅವಳ ಸಾಮ್ರಾಜ್ಯ ನೂಲು ಸುತ್ತುವ ನೂರು ಕದಿರುಗಳಷ್ಟು ಉದ್ದ, ಎರಡು ಮೊಳ ಅಗಲ. ಪ್ರಜೆಗಳೆಲ್ಲ ಹತ್ತಿಯ ಎಳೆಗಳು. ಐದೈದು ನಿಮಿಷಕ್ಕೊಮ್ಮೆ ಯಾವುದಾದರೊಂದು ಎಳೆ ದಂಗೆಯೆದ್ದು ಕಡಿದುಕೊಳ್ಳುವುದು, ಚಕ್ರವರ್ತಿನಿ ಧಾವಿಸಿ ಹೋಗಿ ತುದಿ ಹಿಡಿದು ಹೊಸೆದು ಕೂಡಿಸುವುದು, ಮತ್ತೆ ಗಸ್ತು ತಿರುಗುವುದು. ಇಪ್ಪತ್ತಾರು ವರ್ಷ ಈ ಆಳ್ವಿಕೆ ನಡೆದಿತ್ತು. ಮಧ್ಯದಲ್ಲಿ ಒಂದು ಸಲವೂ ಅವಳಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ.

ಅವಳ ಹೆಸರು ಹದ್ದಕ್ಕ. ಕೆಲಸಕ್ಕೆ ಸೇರಿದ ಮೊದಲ ವರ್ಷ ಸಾಲಿನ ಈ ತುದಿಯಲ್ಲಿ ನಿಂತುಕೊಂಡು, ಆ ತುದಿಯಲ್ಲಿದ್ದವಳಿಗೆ "ನಿನ್ನ ಮೂಗಿನ ಮುಂದೇ ಕಡೀತಲ್ಲೇ, ನಿದ್ದೆ ಮಾಡ್ತಿದ್ದೀಯಾ?" ಎಂದು ಕೂಗಿದ್ದಳಂತೆ. ಕೂದಲಿಗಿಂತ ತೆಳುವಾದ ಎಳೆ ಅಷ್ಟು ದೂರದಿಂದ ಕಂಡಿತೆಂದರೆ ಅದು ಹದ್ದಿನ ಕಣ್ಣೇ ಸರಿ ಎಂದು ಎಲ್ಲರೂ ತೀರ್ಮಾನಿಸಿದರು. ಮೊದಲು ಹದ್ದಿ ಎಂದರು. ತಲೆ ನರೆತಂತೆ ಮರ್ಯಾದೆ ಸೇರಿ ಹದ್ದಕ್ಕ ಆಯಿತು.

ಈಗ ಹೇಳಲೇಬೇಕಾದ ವಿಷಯವೇನೆಂದರೆ, ಈ ಕಥೆ ನಡೆಯುವ ಹೊತ್ತಿಗೆ ಹದ್ದಕ್ಕನಿಗೆ ಎಳೆ ಕಾಣುತ್ತಲೇ ಇರಲಿಲ್ಲ.

"ಕಣ್ಣಿನ ನರ ಒಣಗ್ತಾ ಇದೆ," ಎಂದಿದ್ದರು ಪೇಟೆಯ ಡಾಕ್ಟರು. "ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದನ್ನ ಉಳಿಸ್ಕೊಳ್ಳೋಕೆ ದಿನಾ ಈ ಹನಿ ಹಾಕ್ಕೊಳ್ಳಿ." ಉಳಿದದ್ದು ಒಂದು ಕೊಳವೆಯೊಳಗಿಂದ ಮಂಜು ನೋಡಿದಷ್ಟು. ಮನುಷ್ಯರು ಕಾಣುತ್ತಿದ್ದರು, ಬಾಗಿಲು ಕಾಣುತ್ತಿತ್ತು. ಬಿಳಿ ಗೋಡೆಯ ಮುಂದೆ ಬಿಳಿ ಎಳೆ ಮಾತ್ರ ಕಾಣುತ್ತಿರಲಿಲ್ಲ.

ಈ ಗುಟ್ಟು ಗೊತ್ತಿದ್ದದ್ದು ಒಬ್ಬರಿಗೇ, ಅವಳ ಅತ್ತೆಗೆ. ಹದ್ದಕ್ಕನ ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ಸೊಸೆ ಅತ್ತೆ ಇಬ್ಬರೇ ಗಿರಣಿ ಕೊಟ್ಟ ಒಂದು ಕೋಣೆಯಲ್ಲಿದ್ದರು. ಕೆಲಸ ಇರುವವರೆಗೆ ಕೋಣೆ, ಕೆಲಸ ಹೋದರೆ ಕೋಣೆಯೂ ಹೋಗುತ್ತದೆ, ಹೋಗಲು ಅವರಿಗೆ ಬೇರೆ ಊರೂ ಇಲ್ಲ, ಬೇರೆ ಬಾಗಿಲೂ ಇಲ್ಲ.

"ಇವತ್ತೂ ಎರಡು ಸಲ ಉಪ್ಪು ಹಾಕಿದೀಯ," ಎನ್ನುತ್ತಿದ್ದಳು ಅತ್ತೆ ತಟ್ಟೆ ಸರಿಸಿ. "ಸಮುದ್ರ ಯಾವಾಗ ನಮ್ಮನೆಗೆ ಬಂತು?"

"ನಿಮ್ಮ ನಾಲಿಗೆ ಕೆಟ್ಟಿದೆ ಅತ್ತೆ."

"ನನ್ನ ನಾಲಿಗೆ ಕೆಟ್ಟಿರೋದು ಮಾತಿಗೆ. ರುಚಿಗಲ್ಲ."

ಆಮೇಲೆ ಎಪ್ಪತ್ತೆಂಟು ವರ್ಷದ ಆ ಮುದುಕಿ ಸೊಸೆಯ ಕೈಯಿಂದ ಸೂಜಿಯನ್ನು ಕಿತ್ತುಕೊಂಡು, ಒಂದೇ ಸಲಕ್ಕೆ ದಾರ ಪೋಣಿಸಿ, "ತಗೊಳ್ಳಿ ಹದ್ದಿನ ಕಣ್ಣಿನವರೇ," ಎಂದು ವಾಪಸ್ ಕೊಡುತ್ತಿದ್ದಳು.

ಗಿರಣಿಯಲ್ಲಿ ಎರಡು ವರ್ಷ ಹದ್ದಕ್ಕ ದಿನ ತಳ್ಳಿದ್ದು ಕೆನ್ನೆಯಿಂದ. ಎಳೆ ಕಡಿದಾಗ ಮೇಲಿನ ಉರುಳೆಯಿಂದ ಬರುವ ಹತ್ತಿ ಸೇರಬೇಕಾದ ಕಡೆ ಸೇರದೆ ನವಿರಾಗಿ ಗಾಳಿಗೆ ಏಳುತ್ತದೆ. ಅವಳು ಸಾಲಿನುದ್ದಕ್ಕೂ ಬಗ್ಗಿ, ಕೆನ್ನೆಯನ್ನು ಯಂತ್ರದ ಹತ್ತಿರ ಹಿಡಿದು ನಡೆಯುವಳು. ಎಲ್ಲಿ ಕಚಗುಳಿ ಇಡುತ್ತದೋ ಅಲ್ಲಿ ಎಳೆ ಕಡಿದಿದೆಯೆಂದು ಅರ್ಥ. ನೋಡುವವರಿಗೆ ಇದು ಹಿರಿಯಳ ಠೀವಿಯಾಗಿ ಕಾಣುತ್ತಿತ್ತು. "ಅಕ್ಕ ಯಂತ್ರಕ್ಕೆ ಮುತ್ತು ಕೊಡ್ತಾ ಹೋಗ್ತಾಳೆ ನೋಡು" ಎಂದು ನಗುತ್ತಿದ್ದಳು ಪಕ್ಕದ ಸಾಲಿನ ರೇಡಿಯೋ.

ರೇಡಿಯೋ ಎಂದರೆ ಹೆಣ್ಣುಮಗಳೇ. ಪಾಳಿ ಶುರುವಾದಾಗ ಹಚ್ಚಿದ ಬಾಯಿಯನ್ನು ಪಾಳಿ ಮುಗಿದ ಮೇಲೂ ಆರಿಸುತ್ತಿರಲಿಲ್ಲ. ಮನೆಯಲ್ಲಿ ಮೂರು ಮಕ್ಕಳು, ಜೊತೆಗೆ ಗಂಡನೆಂಬ ನಾಲ್ಕನೆಯದು. ಕೆಲಸ ಕಲಿಸಿದವಳು ಹದ್ದಕ್ಕ. ಸೇರಿದ ಮೊದಲ ವಾರ ಅವಳ ಜಡೆ ಉರುಳೆಗೆ ಸಿಕ್ಕಿಕೊಂಡಾಗ ಕತ್ತರಿಯಿಂದ ಜಡೆಯನ್ನೇ ಕತ್ತರಿಸಿ ತಲೆ ಉಳಿಸಿದವಳೂ ಹದ್ದಕ್ಕನೇ. ಆ ಋಣ ತೀರಿಸಲು ಏಳು ವರ್ಷದಿಂದ ರೇಡಿಯೋ ಅವಕಾಶ ಹುಡುಕುತ್ತಲೇ ಇದ್ದಳು. ಕಣ್ಣಿನ ವಿಷಯವನ್ನು ಹದ್ದಕ್ಕ ಇವಳಿಗಂತೂ ಹೇಳಿರಲೇ ಇಲ್ಲ. ಇವಳಿಗೆ ಹೇಳುವುದೂ ಗಿರಣಿಯ ಗೇಟಿಗೆ ಬರೆದು ಅಂಟಿಸುವುದೂ ಒಂದೇ.

ಹೀಗಿರುವಾಗ ಸೂಜಿಗಳು ಬಂದವು.

ಪ್ರತಿ ಎಳೆಗೂ ಒಂದು ಉಕ್ಕಿನ ಸೂಜಿ, ಬೆರಳುದ್ದದ್ದು. ಎಳೆ ಬಿಗಿಯಾಗಿರುವವರೆಗೆ ಅದರ ಮೇಲೆ ಮಹಾರಾಜನಂತೆ ಒರಗಿಕೊಂಡಿರುತ್ತದೆ. ಎಳೆ ಕಡಿದ ಕ್ಷಣ ಆಧಾರ ತಪ್ಪಿ ಟಕ್ ಎಂದು ಬೀಳುತ್ತದೆ, ಬಿದ್ದ ಕೂಡಲೇ ಆ ಕದಿರು ತಾನಾಗಿಯೇ ನಿಲ್ಲುತ್ತದೆ, ಹತ್ತಿ ಬರುವುದೂ ನಿಲ್ಲುತ್ತದೆ. ಸಾಲಿನ ಕೊನೆಯಲ್ಲಿ ಒಂದು ಲೆಕ್ಕದ ಡಬ್ಬಿ. ಪ್ರತಿ ಸೂಜಿ ಬಿದ್ದಾಗಲೂ ಅದರ ಅಂಕಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಗೋಡೆಗೆ ನೋಟೀಸೂ ಬಂತು: ಇನ್ನು ಮುಂದೆ ಒಬ್ಬೊಬ್ಬರು ಯಂತ್ರದ ಎರಡೂ ಮಗ್ಗುಲು, ಅಂದರೆ ಇನ್ನೂರು ಕದಿರು ನೋಡಿಕೊಳ್ಳಬೇಕು. ತಿಂಗಳ ಕೊನೆಗೆ ಒಂದು ಗಂಟೆಯ ಪರೀಕ್ಷೆ. ಕಡಿದ ಎಳೆ ಕೂಡಿಸದೆ ಬಿಟ್ಟವರು ಮನೆಗೆ. ಗಂಟೆಯಲ್ಲಿ ಮೂವತ್ತಕ್ಕಿಂತ ಹೆಚ್ಚು ಸಲ ಸೂಜಿ ಬೀಳಿಸಿಕೊಂಡವರೂ ಮನೆಗೆ. ಸೂಜಿಯನ್ನು ಮುಟ್ಟಿ ಕಿತಾಪತಿ ಮಾಡಿದವರು ವಿಚಾರಣೆಯಿಲ್ಲದೆ ಮನೆಗೆ. ಒಟ್ಟಿನಲ್ಲಿ ಎಲ್ಲ ದಾರಿಗಳೂ ಮನೆಗೇ.

ಹೆಂಗಸರು ಸೂಜಿಗಳಿಗೆ ಬಾಯಿತುಂಬ ಶಾಪ ಹಾಕಿದರು. ಹದ್ದಕ್ಕ ಮಾತ್ರ ಮೂರನೇ ದಿನ ಯಂತ್ರದ ಹಿಂದೆ ನಿಂತು ಅತ್ತಳು, ಸಂತೋಷಕ್ಕೆ. ಯಾಕೆಂದರೆ ಇನ್ನು ಅವಳು ಎಳೆ ನೋಡಬೇಕಾಗಿರಲಿಲ್ಲ. ತಿರುಗುವ ಕದಿರು ಸಣ್ಣ ಗಾಳಿ ಬೀಸುತ್ತದೆ, ನಿಂತ ಕದಿರು ಬೀಸುವುದಿಲ್ಲ. ಮುಂಗೈಯನ್ನು ಸಾಲಿಗೆ ಹತ್ತಿರ ಹಿಡಿದು ನಡೆದರೆ, ಎಲ್ಲಿ ಗಾಳಿ ತಪ್ಪಿತೋ ಅಲ್ಲಿ ಕಡಿತ. ಉಳಿದ ಕೆಲಸ ಬೆರಳಿನದು, ಅವಳ ಬೆರಳಿಗೆ ಇಪ್ಪತ್ತಾರು ವರ್ಷದ ಅಭ್ಯಾಸ. ಇನ್ನೂರು ಸೂಜಿಗಳು ಇನ್ನೂರು ಕಾವಲುಗಾರರಂತೆ ಅವಳ ಬದಲು ಕಣ್ಣು ತೆರೆದು ನಿಂತವು. ಎರಡು ವಾರದಲ್ಲಿ ಅವಳು ಇಡೀ ವಿಭಾಗದಲ್ಲೇ ಚುರುಕಾದಳು. ಒಂದು ಗಂಟೆಯಲ್ಲಿ ಇಪ್ಪತ್ತೆರಡು, ಹೆಚ್ಚೆಂದರೆ ಇಪ್ಪತ್ತೈದು ಸಲ ಸೂಜಿ ಬೀಳುತ್ತಿತ್ತು. ಅಂದರೆ ಪಾಸು.

"ಅತ್ತೆ, ಕೋಣೆ ಉಳೀತು," ಎಂದಳು.

"ಮೊದಲು ಪರೀಕ್ಷೆ ಆಗ್ಲಿ," ಎಂದಳು ಅತ್ತೆ. "ಆಮೇಲೆ ಉಪ್ಪಿನ ಡಬ್ಬಿಗೂ ಒಂದು ಸೂಜಿ ಹಾಕಿಸು."

ಈ ಮಧ್ಯೆ ಉಳಿದ ಹೆಂಗಸರೂ ಸುಮ್ಮನಿರಲಿಲ್ಲ. ಬಟ್ಟೆ ಸೋಪಿನ ಸಣ್ಣ ಚೂರನ್ನು ಸೂಜಿಯ ಬುಡಕ್ಕೆ ಒತ್ತಿಬಿಟ್ಟರೆ ಎಳೆ ಕಡಿದರೂ ಸೂಜಿ ಬೀಳುವುದಿಲ್ಲ, ಡಬ್ಬಿಯ ಅಂಕಿ ಏಳುವುದಿಲ್ಲ ಎಂಬ ಮಹಾಶೋಧನೆ ರೇಡಿಯೋ ಕೈಯಿಂದ ಆಯಿತು. ಕಡಿದದ್ದನ್ನು ಹಳೆಯ ಕಾಲದಂತೆ ಕಣ್ಣಿನಿಂದಲೇ ನೋಡಿ, ಕದಿರು ತಿರುಗುತ್ತಿರುವಾಗಲೇ ಕೂಡಿಸಿದರಾಯಿತು. ಗಿರಣಿಗೆ ಯಂತ್ರ ತಂದ ದೊಡ್ಡವರ ಬುದ್ಧಿಯನ್ನು ಅರ್ಧ ಬಿಲ್ಲೆ ಸೋಪು ಸೋಲಿಸಿತು. ತಿಂಗಳ ಕೊನೆಗೆ ಸರದಿಯಂತೆ ಶುರುವಾದ ಪರೀಕ್ಷೆಯಲ್ಲಿ ಒಬ್ಬೊಬ್ಬರೂ ಐದು, ಆರು ಅಂಕಿಗೆ ಪಾಸಾಗತೊಡಗಿದರು.

ಹದ್ದಕ್ಕ ಮಾತ್ರ ಸೋಪು ಬೇಡವೆಂದಳು.

"ಯಾಕಕ್ಕ, ಹೆದ್ರಿಕೆನಾ?"

"ನಂಗೆ ಹಾಗೆಲ್ಲ ಬರಲ್ಲ ಕಣೇ. ನನ್ನ ಸೂಜಿ ತಂಟೆಗೆ ಬರ್ಬೇಡ."

ಅದನ್ನು ರೇಡಿಯೋ ದೊಡ್ಡವರ ನಾಚಿಕೆ ಎಂದು ತಿಳಿದಳು. ಪಾಪ, ಪ್ರಾಮಾಣಿಕತೆಯಿಂದ ಕೆಲಸ ಕಳೆದುಕೊಳ್ಳುತ್ತಾಳೆ ಎಂದು ಮರುಗಿದಳು. ಇಪ್ಪತ್ತೈದಕ್ಕೂ ಮೂವತ್ತಕ್ಕೂ ಇರುವುದು ಬರೀ ಐದು. ಹತ್ತಿ ಸ್ವಲ್ಪ ಒರಟಾಗಿ ಬಂದ ದಿನ ಆ ಐದು ಎಲ್ಲಿ ನಿಲ್ಲುತ್ತದೆ?

ತನ್ನ ಸರದಿಯ ದಿನ ಊಟದ ಬಿಡುವಿನಲ್ಲಿ ಹದ್ದಕ್ಕ ನಲ್ಲಿಯ ಹತ್ತಿರ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದಾಗ, ರೇಡಿಯೋ ಇಬ್ಬರನ್ನು ಕಟ್ಟಿಕೊಂಡು, ಊಟ ಬಿಟ್ಟು, ನಿಂತ ಯಂತ್ರದ ಇನ್ನೂರು ಸೂಜಿಗಳಿಗೂ ಸೋಪು ಒತ್ತಿದಳು. ಏಳು ವರ್ಷದ ಋಣ ಅರ್ಧ ಗಂಟೆಯಲ್ಲಿ ತೀರಿತು.

ಮ್ಯಾನೇಜರು ಬಂದರು. ಪಕ್ಕದಲ್ಲಿ ಪಟ್ಟಿ ಹಿಡಿದ ಮೇಸ್ತ್ರಿ. ಯಂತ್ರ ಗುಡುಗಿತು. ಹದ್ದಕ್ಕ ಸೆರಗು ಬಿಗಿದು, ಮುಂಗೈ ಚಾಚಿ ದಂಡಯಾತ್ರೆ ಹೊರಟಳು.

ಮೊದಲ ಐದು ನಿಮಿಷ ಗಾಳಿ ಎಲ್ಲೂ ತಪ್ಪಲಿಲ್ಲ. ಪರವಾಗಿಲ್ಲ, ಒಳ್ಳೆಯ ಹತ್ತಿ ಎಂದುಕೊಂಡಳು. ಹತ್ತು ನಿಮಿಷವಾಯಿತು. ಆಗಲೂ ತಪ್ಪಲಿಲ್ಲ. ಅವಳ ನಡಿಗೆಗೆ ಒಂದು ಗತ್ತು ಬಂತು. ಮೇಸ್ತ್ರಿ ಡಬ್ಬಿ ನೋಡಿ "ಸೊನ್ನೆ ಸಾರ್!" ಎಂದು ತನ್ನ ಮಗಳಿಗೇ ರ್‍ಯಾಂಕ್ ಬಂದಂತೆ ಬೀಗಿದ. ಪಕ್ಕದ ಯಂತ್ರದಾಚೆ ರೇಡಿಯೋ ಎರಡು ಕೈಯನ್ನೂ ಮೇಲೆತ್ತಿ ಆಡಿಸಿದಳು. ಹದ್ದಕ್ಕನಿಗೆ ಅದು ಕಾಣಲಿಲ್ಲ.

ಹದಿನೈದು ನಿಮಿಷಕ್ಕೆ ಅವಳ ನಡಿಗೆ ನಿಧಾನವಾಯಿತು. ಇಪ್ಪತ್ತಾರು ವರ್ಷದಲ್ಲಿ ಹತ್ತಿ ಇಷ್ಟು ಸಭ್ಯವಾಗಿ ನಡೆದುಕೊಂಡದ್ದೇ ಇಲ್ಲ.

"ಏನಮ್ಮಾ, ಅಲ್ಲಿ ಕಡಿದಿದೆಯಲ್ಲ," ಎಂದರು ಮ್ಯಾನೇಜರು.

"ಎಲ್ಲಿ ಸಾರ್?"

ಎಲ್ಲಿ ಎಂಬ ಮಾತು ಹದ್ದಕ್ಕನ ಬಾಯಿಂದ ಆ ಗಿರಣಿಯಲ್ಲಿ ಹೊರಟದ್ದು ಅದೇ ಮೊದಲು. ಮೇಸ್ತ್ರಿಯ ಪೆನ್ಸಿಲ್ ನಿಂತಿತು.

"ನಿಮ್ಮ ಕೈ ಹತ್ರಾನೇ! ಉರುಳೆಗೆ ಹತ್ತಿ ಹೆಬ್ಬೆರಳು ದಪ್ಪ ಸುತ್ತಿಕೊಂಡಿದೆ, ಕಾಣಲ್ವಾ?"

ಅವಳು ಬಗ್ಗಿ ಕೆನ್ನೆ ಕೊಟ್ಟಳು. ನವಿರು ಮೆತ್ತಿಕೊಂಡಿತು. ಕದಿರು ನಿಲ್ಲದೆ ತಿರುಗುತ್ತಿತ್ತು. ಬೆರಳು ಸೂಜಿಯ ಬುಡಕ್ಕೆ ಹೋಯಿತು, ಅಲ್ಲಿ ಜಾರುವ ಏನೋ ಒಂದು. ಮೂಗಿಗೆ ಹಿಡಿದಳು. ನಿಂಬೆಹಣ್ಣಿನ ವಾಸನೆಯ ಹಳದಿ ಸೋಪು. ಇಡೀ ವಿಭಾಗದಲ್ಲಿ ಆ ಸೋಪು ಹಾಕುವವಳು ಒಬ್ಬಳೇ. ಅವಳು ನಡೆದು ಬಂದರೆ ಹತ್ತು ಹೆಜ್ಜೆ ಮುಂಚೆ ನಿಂಬೆ ಬರುತ್ತಿತ್ತು.

ಇನ್ನೂರು ಕಾವಲುಗಾರರ ಬಾಯಿಗೂ ಪ್ರೀತಿಯಿಂದ ಸೋಪು ತುರುಕಲಾಗಿತ್ತು.

ಮುಂದಿನ ಹತ್ತು ನಿಮಿಷ ಹದ್ದಕ್ಕ ಹುಚ್ಚಿಯಂತೆ ಕೆನ್ನೆಯಿಂದ ಹುಡುಕಿದಳು. ಎಡ ಮಗ್ಗುಲಲ್ಲಿ ಮೂರು ಸಿಕ್ಕಿತು, ಅಷ್ಟರಲ್ಲಿ ಬಲ ಮಗ್ಗುಲಲ್ಲಿ ನಾಲ್ಕು ಕಡಿಯಿತು. ನೂರು ಕದಿರಿಗೆ ಸಾಕಾಗುತ್ತಿದ್ದ ಕೆನ್ನೆ ಇನ್ನೂರಕ್ಕೆ ಸಾಲಲಿಲ್ಲ. ಮ್ಯಾನೇಜರು ಹಿಂದೆಯೇ ನಡೆಯುತ್ತಾ "ಇದು? ಇದೂ ಕಾಣ್ಲಿಲ್ವಾ? ಇದು?" ಎಂದು ಬೆರಳು ತೋರಿಸುತ್ತಾ ಬಂದರು. ಆ ಬೆರಳೂ ಅವಳಿಗೆ ಕಾಣುತ್ತಿರಲಿಲ್ಲ.

ಹನ್ನೊಂದನೆಯದಕ್ಕೆ ಮ್ಯಾನೇಜರು ನಿಂತರು. ಅವರ ತಲೆಗೆ ಇನ್ನೊಂದು ವಿಚಾರ ಹೊಳೆದಿತ್ತು.

"ಅಲ್ಲ ಮೇಸ್ತ್ರಿ, ಹನ್ನೊಂದು ಕಡಿದಿದೆ, ಒಂದು ಸೂಜಿನೂ ಬಿದ್ದಿಲ್ಲ. ಯಾಕೆ? ಫಿಟ್ಟರನ್ನ ಕರೀರಿ. ಒಂದೊಂದು ಸೂಜಿನೂ ಬಿಚ್ಚಿ ನೋಡ್ಲಿ."

ಫಿಟ್ಟರ್ ಬಂದರೆ ಸೋಪು ಸಿಗುತ್ತದೆ. ಸೋಪು ಸಿಕ್ಕರೆ ನಿಂಬೆ ಸಿಗುತ್ತದೆ. ಹಾಗಾದರೆ ಹದ್ದಕ್ಕ ಉಳಿಯಬಹುದಿತ್ತು. ಯಾರೋ ಸೂಜಿ ಕೆಡಿಸಿದ್ದಾರೆ ಸಾರ್, ಇನ್ನೊಂದು ಸಲ ಪರೀಕ್ಷೆ ಮಾಡಿ ಎನ್ನಬಹುದಿತ್ತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಆಚೆಯಿಂದ ರೇಡಿಯೋಳ ಎಂದಿನ ದನಿ ಕೇಳಿತು: "ಹೆದರ್ಬೇಡಕ್ಕಾ, ಇನ್ನು ಅರ್ಧ ಗಂಟೆನೇ!"

"ಸೂಜಿದು ತಪ್ಪಲ್ಲ ಸಾರ್," ಎಂದಳು ಹದ್ದಕ್ಕ. "ನಂಗೆ ಕಣ್ಣು ಕಾಣಲ್ಲ."

"ಏನು?"

"ಕಣ್ಣು ಸಾರ್. ಎರಡು ವರ್ಷ ಆಯ್ತು."

ಮ್ಯಾನೇಜರ ಮುಖದಲ್ಲಿ ಸೂಜಿ ಎಂಬ ವಿಷಯವೇ ಅಳಿಸಿಹೋಯಿತು. ಎರಡು ವರ್ಷದಿಂದ ಕಣ್ಣು ಕಾಣದ ಹೆಂಗಸು ತಿರುಗುವ ಉರುಳೆಗೆ ಕೆನ್ನೆ ಕೊಡುತ್ತಾ ತಮ್ಮ ವಿಭಾಗದಲ್ಲಿ ಓಡಾಡುತ್ತಿದ್ದಳು! ನಾಳೆ ಇನ್ಸ್‌ಪೆಕ್ಟರಿಗೆ ಗೊತ್ತಾದರೆ ಮೊದಲು ಮನೆಗೆ ಹೋಗುವವರು ಯಾರು? ಅವರು ಮೇಸ್ತ್ರಿಯ ತೋಳು ಹಿಡಿದು ಗಾಜಿನ ಕೋಣೆಗೆ ಎಳೆದುಕೊಂಡು ಹೋದರು. ಬಾಗಿಲು ಹಾಕಿಕೊಂಡು ಒಬ್ಬರ ಮೇಲೊಬ್ಬರು ಕೂಗಾಡಿದರು.

ಆ ಐದು ನಿಮಿಷ ಹದ್ದಕ್ಕನ ಕೊನೆಯ ಆಳ್ವಿಕೆ. ಒಂದು ಹಿಡಿ ಹತ್ತಿ ತೆಗೆದುಕೊಂಡು ಎಡ ಸಾಲಿನುದ್ದಕ್ಕೂ ಸೂಜಿಗಳ ಬುಡ ಒರೆಸುತ್ತಾ ಹೋದಳು, ಬಲ ಸಾಲಿನಲ್ಲಿ ಒರೆಸುತ್ತಾ ಬಂದಳು. ಬಾಯಿ ಬಿಡಿಸಿಕೊಂಡ ಕಾವಲುಗಾರರು ಕಡಿದ ಎಳೆಗಳ ಮೇಲಿಂದ ಒಬ್ಬೊಬ್ಬರಾಗಿ ಬಿದ್ದರು. ಟಕ್. ಟಕ್. ಕದಿರುಗಳು ನಿಂತವು, ಮುಂಗೈಗೆ ಗಾಳಿ ತಪ್ಪಿತು. ಎಲ್ಲೆಲ್ಲಿ ಕಡಿದಿದೆ ಎಂದು ಈಗ ಅವಳಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಅಭ್ಯಾಸಬಲದಿಂದ ನಾಲ್ಕೈದು ಎಳೆ ಕೂಡಿಸಿಯೂಬಿಟ್ಟಳು.

ಫಿಟ್ಟರ್ ಬಂದು ಎರಡು ಸೂಜಿ ಎತ್ತಿ ಬೀಳಿಸಿ ನೋಡಿದ. "ಯಂತ್ರ ಬೆಣ್ಣೆ ಥರ ಇದೆ ಸಾರ್," ಎಂದು ಗಾಜಿನ ಕೋಣೆಗೆ ಕೂಗಿ ಹೇಳಿದ.

ಸಂಜೆ ರೇಡಿಯೋ ಅಳುತ್ತಾ ಕೋಣೆಗೆ ಬಂದಳು. ಅವಳು ಅಳುವುದೂ ಜೋರಾಗಿಯೇ.

"ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ? ಕಣ್ಣು ಹೀಗಿದೆ ಅಂತ ಗೊತ್ತಿದ್ರೆ ನಾನು..." ಮೂಗು ಒರೆಸಿಕೊಂಡಳು. "ಒಂದು ವಿಷಯ ನಿಂಗೂ ಗೊತ್ತಿಲ್ಲ. ನಿನ್ನ ಸೂಜಿಗೆಲ್ಲ ಸೋಪು ಹಾಕಿದ್ದು ನಾನೇ. ಒಂದೂ ಬಿಡ್ಲಿಲ್ಲ. ಅದಕ್ಕೇ ಅಷ್ಟು ಹೊತ್ತಾದ್ರೂ ನಡೀತು. ಇಲ್ದಿದ್ರೆ ಮೊದಲ ಐದು ನಿಮಿಷಕ್ಕೇ ಸಿಕ್ಕಿಬೀಳ್ತಿದ್ದೆ."

ಸೊಸೆಯಿಂದ ಆಗಲೇ ಎಲ್ಲ ಕೇಳಿದ್ದ ಅತ್ತೆ ತಲೆಯೆತ್ತಿದಳು. ಕೆಟ್ಟ ನಾಲಿಗೆ ತುದಿಗೆ ಬಂದಿತ್ತು. ಸೊಸೆ ಅತ್ತೆಯ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಳು.

"ಹೌದು ಕಣೇ," ಎಂದಳು ಹದ್ದಕ್ಕ. "ನೀನಿದ್ದಿದ್ದಕ್ಕೆ ಅಷ್ಟಾದ್ರೂ ಆಯ್ತು."

"ಆದ್ರೆ ಸೋಪು ಕೆಟ್ಟದ್ದು ಅನ್ಸುತ್ತೆ. ಆಮೇಲೆ ಸೂಜಿ ಬಿದ್ವಂತೆ, ಫಿಟ್ಟರ್ ಹೇಳ್ದ."

"ಒಳ್ಳೇ ಸೋಪೇ. ಬೆಳಿಗ್ಗೆ ಬೇಗ ಏಳ್ಬೇಕು ನೀನು, ಹೋಗು."

ಅವಳು ಹೋದ ಮೇಲೆ ಅತ್ತೆ ಎದ್ದು ಬಾಗಿಲು ಹಾಕಿದಳು. ಆಮೇಲೆ ಕೈ ಚಾಚಿ, "ಎಲ್ಲಿ, ಕೊಡಿಲ್ಲಿ," ಎಂದಳು. ಹದ್ದಕ್ಕ ಸೆರಗಿನ ಗಂಟು ಬಿಚ್ಚಿ ಹಿಡಿ ಹತ್ತಿಗೆ ಅಂಟಿದ್ದ ಸೋಪಿನ ಚೂರುಗಳನ್ನು ಅವಳ ಅಂಗೈಗೆ ಹಾಕಿದಳು. ಮುದುಕಿ ಹತ್ತಿಯ ನವಿರನ್ನೆಲ್ಲ ಒಂದೊಂದಾಗಿ ಬಿಡಿಸಿ ತೆಗೆದು, ಚೂರುಗಳನ್ನು ನೀರು ಮುಟ್ಟಿಸಿ ಅದುಮಿ ಉಂಡೆ ಮಾಡಿದಳು.

ಕೋಣೆ ಖಾಲಿ ಮಾಡಲು ಎಂಟು ದಿನ ಕೊಟ್ಟಿದ್ದರು. ಉಂಡೆ ಏಳು ದಿನ ಪಾತ್ರೆ ಬಟ್ಟೆಗಳಿಗೆಲ್ಲ ಸಾಕಾಯಿತು. ಎಂಟನೆಯ ದಿನ ಸಾಮಾನೆಲ್ಲ ಹೊರಗಿಟ್ಟ ಮೇಲೆ ಹದ್ದಕ್ಕ ಉಳಿದ ಚೂರನ್ನು ಬಕೆಟ್ಟಿನಲ್ಲಿ ಕದಡಿ, ಮಂಡಿಯೂರಿ, ಮುಂಗೈಯಿಂದ ಮೂಲೆ ಮೂಲೆ ತಡವಿ ನೋಡುತ್ತಾ ನೆಲ ಒರೆಸಿದಳು. ಅತ್ತೆ ಬಾಗಿಲಲ್ಲಿ ನಿಂತು, "ಅಲ್ಲಿ ಬಿಟ್ಟೆ. ಎಡಕ್ಕೆ. ಇನ್ನೂ ಎಡಕ್ಕೆ," ಎನ್ನುತ್ತಿದ್ದಳು. ಕೋಣೆಯ ತುಂಬ ನಿಂಬೆಯ ವಾಸನೆ ಹರಡಿತು.