ಇಳಿಜಾರಿನಲ್ಲಿ ಹ್ಯಾಂಡಲ್ ಬಿಟ್ಟ ದಿನ

ಬ್ರೇಕ್ ಒತ್ತಿದೆ. ಹಿಡಿ ಸಲೀಸಾಗಿ ಹ್ಯಾಂಡಲ್‌ಗೆ ಬಂದು ಅಂಟಿಕೊಂಡಿತು. ಸೈಕಲ್ ಮಾತ್ರ ನಿಲ್ಲಲಿಲ್ಲ.

ಹಿಂದೆ ಕ್ಯಾರಿಯರ್ ಮೇಲೆ ನನ್ನ ಹೆಂಡತಿ ಕಮಲ. ಮುಂದೆ ಇಳಿಜಾರು. ಇಳಿಜಾರಿನ ಕೊನೆಗೆ ನೀರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ಎರಡೇ ತಿಂಗಳಾಗಿತ್ತು. ಸಾಗರದಿಂದ ಹೊಸನಗರದ ಕಡೆ, ಅವಳ ತವರಿಗೆ ಹೊರಟಿದ್ದೆವು.

ಬಸ್ಸಿಗೆ ಹೋದರೆ ಹಿನ್ನೀರನ್ನು ಸುತ್ತಿಕೊಂಡು ಅರ್ಧ ದಿನದ ದಾರಿ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಹಳೇ ರಸ್ತೆ ಅಲ್ಲಲ್ಲಿ ಮೇಲೆ ಬರುತ್ತಿತ್ತು. ಡ್ಯಾಂ ಕಟ್ಟುವ ಮುಂಚೆ ಬಸ್ಸು ಓಡಾಡಿದ ರಸ್ತೆ ಅದು. ನಾವು ಹೋಗುವಾಗ ಅಲ್ಲಿ ಒಂದು ಎತ್ತಿನ ಗಾಡಿಯೂ ಇರಲಿಲ್ಲ. ಬರೀ ಜಲ್ಲಿ, ಕೆಂಪು ಧೂಳು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನೀರು.

ಆ ದಾರಿ ಆರಿಸಿದ್ದು ನಾನೇ. ಹೊಸ ಹೆಂಡತಿಗೆ ನನ್ನ ಸೈಕಲ್ ಸವಾರಿ ತೋರಿಸಬೇಕಿತ್ತು, ಅಷ್ಟೇ.

ಮೊದಮೊದಲು ಚೆನ್ನಾಗಿಯೇ ಇತ್ತು. ಏರು ಬಂದರೆ ಇಬ್ಬರೂ ಇಳಿದು ತಳ್ಳುವುದು, ಇಳಿಜಾರು ಬಂದರೆ ಹತ್ತಿ ಕೂರುವುದು. ಎರಡು ಗಂಟೆ ಹೊತ್ತು ಒಬ್ಬ ಮನುಷ್ಯನೂ ಎದುರಾಗಲಿಲ್ಲ.

ಆ ಮೌನ ಖುಷಿ ಕೊಟ್ಟಿತ್ತು. ಆಮೇಲೆ ಸುತ್ತಲೂ ನೋಡತೊಡಗಿದೆ. ಇಲ್ಲಿ ಏನಾದರೂ ಆದರೆ, ಕೂಗಿದರೂ ಕೇಳುವವರಿಲ್ಲ...

"ಈ ಇಳಿಜಾರು ಜಾಸ್ತಿ ಇದೆ ಕಣ್ರೀ. ಇಳ್ದು ನಡ್ಕಂಡು ಹೋಗಣ," ಎಂದಳು ಕಮಲ.

"ಸುಮ್ನೆ ಕೂತ್ಕ. ನಾನಿಲ್ವಾ?" ಎಂದೆ.

ಅಂದ ಅರ್ಧ ನಿಮಿಷಕ್ಕೆ ಬ್ರೇಕ್ ಕೈಕೊಟ್ಟಿತು. ಮುಂದಿನದು ಮೊದಲೇ ಸವೆದಿತ್ತು, ಹಿಂದಿನದರ ಸರಳು ಕುಲುಕಾಟಕ್ಕೆ ಕಳಚಿಕೊಂಡಿತ್ತು.

ಈಗ ಬರೆಯುವಾಗಲೂ ಕಣ್ಣಿಗೆ ಕಟ್ಟುತ್ತದೆ. ಚಕ್ರದ ಕೆಳಗಿಂದ ಜಲ್ಲಿ ಸಿಡಿಯುತ್ತಿದೆ. ಕಾಲನ್ನು ನೆಲಕ್ಕೆ ಉಜ್ಜುತ್ತೇನೆ, ಚಪ್ಪಲಿ ಹಾರಿ ಹೋಗುತ್ತದೆ. ರಸ್ತೆ ಎಲ್ಲೂ ತಿರುಗುವುದಿಲ್ಲ, ನೇರ ನೀರಿನೊಳಗೇ ಇಳಿಯುತ್ತದೆ. ನನಗೆ ಈಜು ಬರುವುದಿಲ್ಲ. ಅವಳಿಗೂ ಬರುವುದಿಲ್ಲ.

ಮುಂದಿನದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನಾನು ಹಾರಿಬಿಟ್ಟೆ.

ಅವಳಿಗೆ ಹಾರು ಅನ್ನಲಿಲ್ಲ, ಹೆಸರು ಹಿಡಿದು ಕರೆಯಲೂ ಇಲ್ಲ. ಹ್ಯಾಂಡಲ್ ಬಿಟ್ಟು, ಗುಡ್ಡದ ಕಡೆಗೆ ಒಬ್ಬನೇ ಹಾರಿದೆ.

ತರಚಿದ ಮೊಣಕೈ ಹಿಡಿದುಕೊಂಡು ಎದ್ದು ನೋಡುವಷ್ಟರಲ್ಲಿ ಸೈಕಲ್ ಎರಡು ಮಾರು ಮುಂದೆ ಹೋಗಿ ಮಗುಚಿತ್ತು. ಕಮಲ ರಸ್ತೆಯ ಅಂಚಿನಿಂದ ಉರುಳಿ ಕೆಳಗೆ ಬಿದ್ದಿದ್ದಳು. ಅದು ಮುಳುಗಡೆಯಾದ ಯಾರದೋ ಗದ್ದೆ. ಮೇಲೆ ನೋಡಲು ಒಣಗಿ ಬಿರುಕು ಬಿಟ್ಟ ಮಣ್ಣು, ಅಡಿಯಲ್ಲಿ ವರ್ಷಗಟ್ಟಲೆ ಕೂತ ಹೂಳು.

ಅವಳು ಏಳಲು ಹೋದಳು. ಮೊಣಕಾಲವರೆಗೆ ಹೂತುಕೊಂಡಳು. ಇನ್ನೊಂದು ಕಾಲು ಕೀಳಲು ಹೋದಳು, ಸೊಂಟದವರೆಗೆ ಇಳಿದಳು.

"ರೀ, ಕಾಲಿಗೆ ನೆಲ ಸಿಗ್ತಿಲ್ಲ."

ಕಿರುಚಲಿಲ್ಲ, ಮೆಲ್ಲಗೆ ಹೇಳಿದಳು. ಕಿರುಚಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ.

ನಾನು ರಸ್ತೆಯ ಅಂಚಿನಲ್ಲಿ ನಿಂತೇ ಇದ್ದೆ. ಯಾರಾದರೂ ಇದ್ದೀರಾ ಅಂತ ಕೂಗಿದೆ. ಎದುರು ಗುಡ್ಡದಿಂದ ನನ್ನ ದನಿಯೇ ವಾಪಸ್ ಬಂತು.

"ಕೂಗ್ಬೇಡಿ, ಯಾರೂ ಬರಲ್ಲ," ಎಂದಳು. ಹೂಳು ಎದೆಯ ಹತ್ತಿರ ಬಂದಿತ್ತು. "ನಮ್ಮೂರಲ್ಲಿ ದನ ಹೂತ್ಕಂಡ್ರೆ ಹಲಗೆ ಹಾಕ್ತಾರೆ. ಸೈಕಲ್ ತಂದು ಅಡ್ಡ ಮಲ್ಗಿಸಿ. ನಾನು ಅಲ್ಲಾಡಲ್ಲ."

ಸಾಯುವ ಹೊತ್ತಲ್ಲಿ ಅವಳೇ ನನಗೆ ದಾರಿ ಹೇಳಿಕೊಡುತ್ತಿದ್ದಳು.

ಸೈಕಲ್ ಎಳೆದು ತಂದು ಹೂಳಿನ ಮೇಲೆ ಮಲಗಿಸಿದೆ. ಅದರ ಮೇಲೆ ಹೊಟ್ಟೆ ಊರಿ ತೆವಳಿದೆ. ಒಂದೊಂದು ಗೇಣು ಮುಂದೆ ಹೋದಾಗಲೂ ಸೈಕಲ್ ಒಂದಿಷ್ಟು ಕೆಳಗೆ ಇಳಿಯುತ್ತಿತ್ತು.

ಅವಳ ಕೈ ಹಿಡಿದಾಗ ನನಗೆ ಮೊದಲು ಬಂದ ಯೋಚನೆ, ಇವಳು ನನ್ನನ್ನೂ ಒಳಗೆ ಎಳೆದುಕೊಂಡರೆ ಅನ್ನುವುದು. ಅದನ್ನೂ ಬರೆದುಬಿಡುತ್ತೇನೆ.

ಆದರೆ ಕೈ ಬಿಡಲಿಲ್ಲ.

ಅವಳು ಒಂದು ಕೈಯಲ್ಲಿ ಸೈಕಲ್ಲಿನ ಬಾರ್ ಹಿಡಿದು, ಒಂದೊಂದೇ ಕಾಲನ್ನು ನಿಧಾನಕ್ಕೆ ಸಡಿಲ ಮಾಡಿಕೊಂಡಳು. ನಾನು ರಟ್ಟೆ ಹಿಡಿದು ಎಳೆಯುತ್ತಲೇ ಇದ್ದೆ. ಅರ್ಧ ಗಂಟೆಯೋ, ಒಂದು ಗಂಟೆಯೋ... ಕೊನೆಗೆ ಇಬ್ಬರೂ ಜಲ್ಲಿ ಕಲ್ಲಿನ ಮೇಲೆ ಬಂದು ಬಿದ್ದುಕೊಂಡೆವು. ಸೈಕಲ್ ಮೇಲೆ ಬರಲಿಲ್ಲ.

ಉಳಿದ ದಾರಿಯನ್ನು ನಡೆದೇ ಮುಗಿಸಿದೆವು.

ಮನೆಯಲ್ಲಿ ನಮ್ಮ ಅವತಾರ ನೋಡಿ ಅತ್ತೆ ಗಾಬರಿಯಾದರು. ಕಮಲ ಇಷ್ಟೇ ಹೇಳಿದಳು: "ಬ್ರೇಕ್ ಹೋಯ್ತು, ಇಬ್ರೂ ಬಿದ್ವಿ. ನಾನು ಹೂಳಲ್ಲಿ ಸಿಕ್ಕಂಡಿದ್ದೆ, ಇವ್ರೇ ಎಳ್ದು ತೆಗ್ದ್ರು."

ಮಾವ ನನ್ನ ಹೆಗಲ ಮೇಲೆ ಕೈ ಇಟ್ಟರು. ಅವರ ಕಣ್ಣಲ್ಲಿ ನೀರಿತ್ತು. ಅವತ್ತು ಅರ್ಧ ಊಟಕ್ಕೇ ಎದ್ದುಬಿಟ್ಟೆ.

ಹೂಳಿನ ಭಯ ಒಂದು ವಾರಕ್ಕೆ ಹೋಯಿತು. ನಾನು ಹಾರಿದ್ದು ಇವಳಿಗೆ ಗೊತ್ತಾಗಿದೆಯಾ, ಇಲ್ಲವಾ ಅನ್ನುವ ಭಯ ಹೋಗಲೇ ಇಲ್ಲ. ಅವಳು ಒಂದು ದಿನ ಸುಮ್ಮನೆ ಕೂತರೂ ಸಾಕು, ಅದನ್ನೇ ನೆನೆಸಿಕೊಳ್ಳುತ್ತಿದ್ದಾಳೆ ಅನ್ನಿಸುತ್ತಿತ್ತು.

ಮೊನ್ನೆ ಕಮಲ ಜಗಲಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ನನಗೂ ವಯಸ್ಸಾಯಿತು. ಹೇಳಿಯೇಬಿಟ್ಟೆ.

"ಅವತ್ತು ನಾನು ಮೊದ್ಲೇ ಹಾರಿದ್ದೆ."

ಅವಳು ತಲೆ ಎತ್ತಲಿಲ್ಲ. "ಗೊತ್ತು. ನಿಮ್ಮ ಅಂಗಿ ಹಿಡ್ಕಂಡು ಕೂತಿದ್ದೆ. ಕೈಯಿಂದ ಅಂಗಿ ಹೋದದ್ದು ಗೊತ್ತಾಗಲ್ವಾ?"

"ಮತ್ತೆ ಒಂದಿನನೂ ಕೇಳ್ಲಿಲ್ಲ?"

"ಕೇಳಿದ್ರೆ ಸುಳ್ಳು ಹೇಳ್ತಿದ್ರಿ. ಅದನ್ನ ಕೇಳ್ಕಂಡು ನಿಮ್ಮ ಜೊತೆ ಇರಕ್ಕೆ ಆಗ್ತಿತ್ತಾ?" ಅಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ನಿಮ್ಮ ಮನೆಯಲ್ಲೂ ಯಾರಾದರೂ ನಿಮ್ಮನ್ನು ಹೀಗೆ ಏನನ್ನೋ ಕೇಳದೆ ಬಿಟ್ಟಿದ್ದಾರಾ?