ಕಳವಾರದ ತಿರುವಿನಲ್ಲಿ ಹನ್ನೆರಡು ನಿಮಿಷ

ಚಿಕ್ಕಬಳ್ಳಾಪುರದ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಇಪ್ಪತ್ತು ವರ್ಷ ನನ್ನ ಕೆಲಸವೆಂದರೆ ಒಂದೇ ಪ್ರಶ್ನೆ ಕೇಳುವುದಾಗಿತ್ತು: "ಎಲ್ಲಿದ್ದೀಯಪ್ಪಾ?" ಡ್ರೈವರುಗಳು ಸಲೀಸಾಗಿ ಸುಳ್ಳು ಹೇಳುತ್ತಿದ್ದರು. ಚಿಂತಾಮಣಿಯಲ್ಲಿ ಟೀ ಕುಡಿಯುತ್ತಾ ಕೂತವನು "ಗೌರಿಬಿದನೂರು ದಾಟ್ದೆ ಮೇಡಂ" ಅನ್ನುತ್ತಿದ್ದ. ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು. ಬೈಗುಳವೂ ಮಾತೇ ತಾನೆ? ಮನೆಯಲ್ಲಿ ನನ್ನ ಜೊತೆ ಮಾತಾಡಲು ಯಾರೂ ಇಲ್ಲ, ಆಗಲೂ ಇರಲಿಲ್ಲ.

ಆಮೇಲೆ ಗಾಡಿಗಳಿಗೆಲ್ಲ ಜಿಪಿಎಸ್ ಬಂತು. ಅದರಿಂದ ಒಳ್ಳೆಯದಾಗಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಹಾಲಿನ ಟ್ಯಾಂಕರ್ ಎಲ್ಲಿ ತಡವಾಯಿತೆಂದು ಹಾಲು ಕೆಡುವ ಮೊದಲೇ ಗೊತ್ತಾಗುತ್ತದೆ. ಚಿಂತಾಮಣಿಯ ಟೊಮೆಟೊ ಮಂಡಿಯವರು ಲಾರಿ ಬರುವ ಹೊತ್ತು ನೋಡಿಕೊಂಡು ಹಮಾಲರನ್ನು ಕರೆಸುತ್ತಾರೆ. ಕುಡುಮಲಕುಂಟೆಯ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು ಬಸ್ಸು ಎಲ್ಲಿದೆಯೆಂದು ಮೊಬೈಲಿನಲ್ಲಿ ನೋಡಿಯೇ ಮನೆ ಬಿಡುತ್ತಾರೆ, ಮಳೆಯಲ್ಲಿ ನೆನೆಯುವ ಕರ್ಮವಿಲ್ಲ. ಕ್ವಾರಿ ಟಿಪ್ಪರುಗಳಲ್ಲಿ ಡೀಸೆಲ್ ಕದಿಯುವುದು ನಿಂತಿತು. ನನಗೆ ಫೋನು ಬರುವುದೂ ನಿಂತಿತು. ಪರದೆಯ ಮೇಲೆ ಹಸಿರು ಚುಕ್ಕೆಗಳು ಹರಿದಾಡುತ್ತವೆ, ನಾನು ನೋಡುತ್ತಾ ಕೂರುತ್ತೇನೆ. ಚುಕ್ಕೆ ಸುಳ್ಳು ಹೇಳುವುದಿಲ್ಲ. ಊಟ ಆಯ್ತಾ ಅಂತಲೂ ಕೇಳುವುದಿಲ್ಲ.

ಕೇಳುತ್ತಿದ್ದವನು ಒಬ್ಬನೇ. ತೊಂಡೇಬಾವಿ ಕಡೆಯ ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವ ವ್ಯಾನಿನ ಡ್ರೈವರು. ಹೆಚ್ಚುಕಡಿಮೆ ನನ್ನದೇ ವಯಸ್ಸು, ಮನೆಮಾತು ತೆಲುಗು. ಗೂಡು ಇಳಿಸಿ ಹಿಂದಿರುಗುವಾಗ, ಹನ್ನೊಂದೂವರೆ ಸುಮಾರಿಗೆ, ದಿನಾ ಫೋನು ಮಾಡುತ್ತಿದ್ದ. "ತಿಂದ್ರಾ ಅಕ್ಕಾ?" ಅವನ ಹೆಂಡತಿಯ ಕಾಲುನೋವು, ಎಷ್ಟು ಒಗೆದರೂ ಅಂಗಿ ಬಿಡದ ಗೂಡಿನ ವಾಸನೆ, ನನ್ನ ಸಾರಿಗೆ ಉಪ್ಪು ಹೆಚ್ಚಾದದ್ದು, ಇಂಥವೇ ಮಾತು. ಆಮೇಲೆ "ಸರೇ ಅಕ್ಕಾ" ಎಂದು ಇಟ್ಟುಬಿಡುತ್ತಿದ್ದ. ಆಫೀಸಿನೊಳಗೆ ಸಿಗ್ನಲ್ ಸಿಗದ್ದರಿಂದ ನಾನು ಹಿಂದಿನ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದೆ. ಎಲ್ಲಿಂದ ಮಾಡುತ್ತಿದ್ದೀಯ ಎಂದು ಒಮ್ಮೆಯೂ ಕೇಳಲಿಲ್ಲ. ಅದನ್ನು ಹೇಳಲು ಪರದೆ ಇತ್ತಲ್ಲ.

ಒಂದು ತಿಂಗಳು ಓನರ್ ಹೊಸ ಕ್ರಮ ತಂದರು. ಕಾರಣವಿಲ್ಲದೆ ಹತ್ತು ನಿಮಿಷ ಮೀರಿ ನಿಂತ ಗಾಡಿಗಳ ಪಟ್ಟಿ ತೆಗೆದು, ಗುರುತು ಹಾಕಿ ಕೊಡಬೇಕು. ನಾನು ಮೇಷ್ಟರ ಮಗಳು, ಕೈಗೆ ಕೆಂಪು ಪೆನ್ನು ಸಿಕ್ಕರೆ ಕೇಳಬೇಕೆ! ಗೂಡಿನ ವ್ಯಾನು ಕಳವಾರಕ್ಕೆ ಹೋಗುವ ತಿರುವಿನಲ್ಲಿ ದಿನಾ ನಿಂತಿತ್ತು. ಒಂದೇ ಜಾಗ, ಹೆಚ್ಚುಕಡಿಮೆ ಒಂದೇ ಹೊತ್ತು, ಹನ್ನೆರಡು ನಿಮಿಷ, ಕೆಲವು ದಿನ ಹದಿನೈದು. ಇಸ್ಪೀಟಿಗೆ ಕೂರುತ್ತಾನೇನೋ ಅಂದುಕೊಂಡೆ. ಪರಿಚಯ ಬೇರೆ, ಕೆಲಸ ಬೇರೆ ಎಂಬ ಹಮ್ಮಿನಲ್ಲಿ ಪ್ರತಿ ಸಾಲಿಗೂ ಗೆರೆ ಎಳೆದು ಕೊಟ್ಟೆ.

ಓನರ್ ಅವನನ್ನು ಕರೆಸಿದರು. ನಾನು ಅಲ್ಲೇ ಎದುರಿನ ಕುರ್ಚಿಯಲ್ಲಿದ್ದೆ.

"ಏನಯ್ಯಾ, ಅಲ್ಲೇನ್ ದಿನಾ ಕೆಲ್ಸ ನಿಂಗೆ?"

ಅವನು ಒಮ್ಮೆ ನನ್ನ ಕಡೆ ನೋಡಿದ. "ಸುಮ್ನೆ ನಿಂತಿದ್ದೆ ಸಾರ್. ತಪ್ಪಾಯ್ತು."

ಆ ನೋಟ ಕಂಡು ನನಗೆ ಅನುಮಾನ ಬಂತು. ಮೇಜಿನ ಕೆಳಗೇ ಮೊಬೈಲು ತೆಗೆದು, ಅವನು ಫೋನು ಮಾಡಿದ ಹೊತ್ತುಗಳನ್ನು ನೋಡಿದೆ. ಹನ್ನೊಂದು ಮೂವತ್ತೊಂದು, ಹನ್ನೊಂದು ಇಪ್ಪತ್ತೆಂಟು. ಪಟ್ಟಿಯಲ್ಲಿ ನಾನು ಕೆಂಪು ಗೆರೆ ಎಳೆದದ್ದೂ ಅವಕ್ಕೇ. ನನ್ನ ಜೊತೆ ಮಾತಾಡಲೆಂದೇ ಅವನು ಗಾಡಿ ನಿಲ್ಲಿಸುತ್ತಿದ್ದ.

"ಸಾರ್, ನಂಗೇ ಫೋನ್ ಮಾಡ್ತಿದ್ದಿದ್ದು" ಎಂದು ಅಲ್ಲೇ ಹೇಳಿದ್ದರೆ ಮುಗಿಯುತ್ತಿತ್ತು. ಬಾಯಿತನಕ ಬಂದಿತ್ತು. ಒಂಟಿ ಹೆಂಗಸು, ಡ್ರೈವರ್ ಜೊತೆ ದಿನಾ ಏನು ಮಾತು ಎಂದು ಪಕ್ಕದ ಮೇಜಿನವರು ನಕ್ಕಾರೆಂದು ಹೆದರಿ ನುಂಗಿಕೊಂಡೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಓನರ್ ಅವನಿಂದ ವ್ಯಾನು ತೆಗೆದು ಚಿಂತಾಮಣಿಯ ಟೊಮೆಟೊ ಲಾರಿಗೆ ಹಾಕಿದರು. ಹೊರರಾಜ್ಯದ ಓಡಾಟ, ಹೋದರೆ ನಾಲ್ಕೈದು ದಿನ ಮನೆಯಿಲ್ಲ. ಕಾಲುನೋವಿನ ಹೆಂಡತಿಯನ್ನು ಬಿಟ್ಟು ಹೊರಟ.

ವಾರ ಕಾದೆ, ಫೋನು ಬರಲಿಲ್ಲ. ಕೊನೆಗೆ ಮೆಟ್ಟಿಲ ಮೇಲೆ ಕೂತು ನಾನೇ ಮಾಡಿದೆ. ಎತ್ತಿದ.

"ತಪ್ಪು ನಂದು ಕಣಪ್ಪಾ, ನಾನು ಅವತ್ತೇ..."

"ಗಾಡಿ ಓಡ್ತಾ ಐತೆ ಅಕ್ಕಾ, ನಿಲ್ಸಂಗಿಲ್ಲ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ನೀವು ನೋಡ್ತಾನೇ ಇರ್ತೀರಲ್ಲ."

ಆ ತಿಂಗಳ ಪಟ್ಟಿಯಲ್ಲಿ ಅವನ ಲಾರಿ ಒಂದು ಸಾಲಿನಲ್ಲೂ ಇರಲಿಲ್ಲ. ನೋಡಿದ್ರಾ ಮೇಡಂ, ನಿಮ್ಮಿಂದ ಒಬ್ಬ ದಾರಿಗೆ ಬಂದ ಎಂದು ಓನರ್ ನನ್ನನ್ನು ಎಲ್ಲರ ಮುಂದೆ ಹೊಗಳಿದರು.